ಒಂಬತ್ತನೇ ಸಾಲನ್ನು ನಂಬಿದ ಏಳು ಮನೆಗಳು

ಮಾನ್ಯ ನದಿ ಮುನ್ನೆಚ್ಚರಿಕೆ ಕಚೇರಿಯ ಮುಖ್ಯಸ್ಥರೇ,

ಕಳೆದ ನವೆಂಬರಿನ ಮೊದಲ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಕಚೇರಿಯ ಜಾಲಪುಟದಲ್ಲಿ ‘2.1 ಮೀಟರ್, ಸುರಕ್ಷಿತ’ ಎಂದು ಓದಿ, ಎಪ್ಪತ್ತೊಂದು ವರ್ಷದ ಕುರುಡ ಮುದುಕರೊಬ್ಬರನ್ನು ನಾನು ಅವರ ಮನೆಯೊಳಕ್ಕೆ ವಾಪಸ್ ಕಳಿಸಿದೆ. ಒಂದೂವರೆ ಗಂಟೆಯಲ್ಲಿ ಆ ಮನೆಯೊಳಕ್ಕೆ ನದಿ ಬಂತು. ಆ ಹೊತ್ತಿಗೆ ನದಿಯ ನಿಜವಾದ ಮಟ್ಟ 5.2 ಮೀಟರ್ ಇತ್ತಂತೆ. ನಿಮ್ಮ 2.1 ಹತ್ತೊಂಬತ್ತು ದಿನ ಹಳೆಯದು. ನನ್ನ ದೂರು ಇಷ್ಟೇ. ನಿಮಗೆ ಕೆಲಸದ ಒತ್ತಡ ಇರುತ್ತದೆ, ಇಲ್ಲಿಗೇ ಓದು ನಿಲ್ಲಿಸಿ ‘ಪರಿಶೀಲಿಸಲಾಗುವುದು’ ಎಂದು ಬರೆದು ಪಕ್ಕಕ್ಕಿಡಬಹುದು. ಆದರೆ ಆ ಪುಟ ಈ ಡಿಸೆಂಬರಿನಲ್ಲೂ ಹಾಗೇ ಇದೆ, ನಮ್ಮ ಮಳೆಗಾಲದ ನಡುವೆ ಬರುವ ಜನವರಿಯ ದೊಡ್ಡ ಮಳೆಗೆ ಇನ್ನು ಮೂರು ವಾರವೂ ಇಲ್ಲ, ಮತ್ತು ನನಗೆ ಭಯವಾಗುತ್ತಿದೆ. ಹೆದರಿದವರಿಗೆ ಚಿಕ್ಕದಾಗಿ ಬರೆಯಲು ಬರುವುದಿಲ್ಲ, ಕ್ಷಮಿಸಿ.

ನನ್ನ ಹೆಸರು ಮುರ್ತಿನಿ. ವಯಸ್ಸು ಐವತ್ತೆಂಟು. ಹುಟ್ಟಿನಿಂದ ಕಣ್ಣಿಲ್ಲ. ಎಡಗಿವಿ ಹೋಗಿ ಹನ್ನೊಂದು ವರ್ಷವಾಯಿತು, ಬಲಗಿವಿ ಹೊರಡಲು ಗಂಟುಮೂಟೆ ಕಟ್ಟುತ್ತಿದೆ. ಬ್ರೈಲ್ ಪುಸ್ತಕ ಅಚ್ಚು ಹಾಕುವ ಕಡೆ ಇಪ್ಪತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಒಂದು ಚುಕ್ಕಿ ಕಡಿಮೆಯಾದರೂ ನನ್ನ ಬೆರಳು ನಿಲ್ಲುತ್ತದೆ ಎಂದು ಜಂಬ ಪಡುತ್ತಿದ್ದೆ. ನದಿಯ ದಂಡೆಗೆ ಇಳಿಯುವ ನಮ್ಮ ಗಲ್ಲಿಯಲ್ಲಿ ಏಳು ಮನೆ ಕಣ್ಣಿಲ್ಲದವರದು. ಹೆಚ್ಚಿನವರು ಅಂಗಮರ್ದನ ಮಾಡುವವರು. ನನ್ನ ಗಂಡ ಸುಕಿರ್ ಕೂಡ ಕಣ್ಣಿಲ್ಲದವರೇ, ಅದೇ ಕೆಲಸದವರು. ಕಣ್ಣಿದ್ದವರು ನದಿಗೆ ಇಷ್ಟು ಹತ್ತಿರ ಮನೆ ಹಿಡಿಯಲಿಲ್ಲ, ಅದಕ್ಕೇ ನಮಗೆ ಸಿಕ್ಕಿತು.

ಈಗ ನನ್ನ ಯಂತ್ರದ ಬಗ್ಗೆ ಹೇಳಬೇಕು. ನಿಮ್ಮ ಕಚೇರಿಯಲ್ಲಿ ಯಾರೂ ಅದನ್ನು ಮುಟ್ಟಿ ನೋಡಿಲ್ಲ ಎಂಬುದು ನಿಮ್ಮ ಪುಟ ಮುಟ್ಟಿದರೇ ಗೊತ್ತಾಗುತ್ತದೆ. ಅದರ ಹೆಸರು ಬ್ರೈಲ್ ನೋಟ್‌ಟೇಕರ್. ದಪ್ಪ ಪುಸ್ತಕದಷ್ಟು ದೊಡ್ಡದು, ಪರದೆ ಇಲ್ಲ. ಬರೆಯಲು ಆರು ಕೀ, ನಡುವೆ ಒಂದು ಉದ್ದನೆಯ ಕೀ. ಅವುಗಳ ಕೆಳಗೆ ಓದಲು ಒಂದೇ ಒಂದು ಸಾಲು, ಹದಿನೆಂಟು ಅಕ್ಷರ ಹಿಡಿಸುವಷ್ಟು. ಆ ಸಾಲಿನಲ್ಲಿ ಸಣ್ಣ ಚುಕ್ಕಿಗಳು ಎದ್ದು ಬೆರಳಿಗೆ ತಾಕುತ್ತವೆ. ಓದಿಯಾದ ಮೇಲೆ ಮುಂದಕ್ಕೆ ಒತ್ತಿದರೆ ಅವು ಇಳಿದು ಬೇರೆ ಹದಿನೆಂಟು ಅಕ್ಷರ ಏಳುತ್ತವೆ. ನಿಮ್ಮ ಇಡೀ ಪುಟವನ್ನು ನಾನು ನೋಡುವುದು ಹೀಗೆ, ಬಾಗಿಲ ಸಂದಿಯಿಂದ ಮೆರವಣಿಗೆ ನೋಡಿದಂತೆ. ಅದಕ್ಕೊಂದು ದನಿಯೂ ಇದೆ, ಆದರೆ ನನ್ನ ಕಿವಿಗೆ ದಕ್ಕದು. ದಕ್ಕಿದ ದಿನಗಳಲ್ಲೂ ಅದು ನಮ್ಮ ಭಾಷೆಯನ್ನು ದಾರಿ ತಪ್ಪಿದ ಪ್ರವಾಸಿಯ ಹಾಗೆ ಓದುತ್ತಿತ್ತು, ಅದಕ್ಕೇ ಬಾಯಿ ಮುಚ್ಚಿಸಿದೆ.

ಇಂಟರ್ನೆಟ್ಟಿಗೆ ಹೋಗುವುದು ನಿಮಗೆ ಕಣ್ಣು ತೆರೆದಷ್ಟು ಸುಲಭ. ನಾನು ನಿಮ್ಮ ಕಚೇರಿಯ ಮುಖಪುಟಕ್ಕೆ ಮೊದಲ ಸಲ ಹೋದ ದಿನ ನದಿಯ ಮಟ್ಟ ಹುಡುಕಲು ನಲವತ್ತು ನಿಮಿಷ ಹಿಡಿಯಿತು. ನದಿಗಿಂತ ಮುಂಚೆ ಅರವತ್ತನಾಲ್ಕು ಲಿಂಕುಗಳಿದ್ದವು. ಒಂದೊಂದನ್ನೂ ಮುಟ್ಟಿ ದಾಟಬೇಕು. ನಿಮ್ಮ ಸಂದೇಶ, ನಿಮ್ಮ ಉಪಮುಖ್ಯಸ್ಥರ ಸಂದೇಶ, ನಿಮ್ಮ ಕಚೇರಿಯ ಬ್ಯಾಡ್ಮಿಂಟನ್ ಪಂದ್ಯದ ಫಲಿತಾಂಶ, ನಿಮಗೆ ಬಂದ ಪ್ರಶಸ್ತಿ, ಪ್ರಶಸ್ತಿ ಬಂದದ್ದಕ್ಕೆ ಬಂದ ಅಭಿನಂದನೆ. ಕೊನೆಗೆ ನದಿ ಸಿಕ್ಕಿತು. ಮತ್ತೆ ಆ ಯಾತ್ರೆ ಬೇಡವೆಂದು ಆ ಒಳಪುಟವನ್ನೇ ಮೆಚ್ಚಿನ ಲಿಂಕುಗಳ ಪಟ್ಟಿಗೆ ಸೇರಿಸಿಕೊಂಡೆ. ನನ್ನ ಪಟ್ಟಿಯಲ್ಲಿ ಮೂರೇ ಇವೆ: ನದಿ, ಊರಿನ ಪತ್ರಿಕೆಯ ಸಾವಿನ ಸುದ್ದಿ, ವಯಾಂಗ್ ಗೊಂಬೆಯಾಟದ ವೇಳಾಪಟ್ಟಿ. ಯಂತ್ರ ಎಬ್ಬಿಸು, ವೈಫೈ ಹಿಡಿಯುವವರೆಗೆ ಕಾಯಿ, ಪಟ್ಟಿ ತೆರೆ, ಮೊದಲನೆಯದರ ಮೇಲೆ ಒತ್ತು, ಎಂಟು ಸಾಲು ಹಾರು. ಒಂಬತ್ತನೇ ಸಾಲಿನಲ್ಲಿ ನಮ್ಮ ನದಿ. ಎರಡು ನಿಮಿಷದ ಕೆಲಸ.

ಎಂಟು ಸಾಲು ಹಾರುವ ಈ ಅಭ್ಯಾಸವನ್ನು ಗಮನಿಸಿ. ತಪ್ಪು ನಡೆದದ್ದು ಅಲ್ಲೇ. ಒಂದೇ ಸಾಲಿನ ಯಂತ್ರದಲ್ಲಿ ಓದುವ ನಮಗೆ ಪುಟವೆಂದರೆ ಚಿತ್ರ ಅಲ್ಲ, ಎಣಿಕೆ. ಅಕ್ಕಿ ಡಬ್ಬಿ ಎಡದಿಂದ ಮೂರನೆಯದು, ಸಕ್ಕರೆ ನಾಲ್ಕನೆಯದು, ನದಿ ಒಂಬತ್ತನೆಯದು. ಡಬ್ಬಿ ಅದೇ ಜಾಗದಲ್ಲಿದ್ದರೆ ಒಳಗಿರುವುದೂ ಅದೇ ಎಂದು ನಂಬಿ ಬದುಕುತ್ತೇವೆ. ದಿನಾ ಮೂಸಿ ನೋಡುತ್ತ ಕೂತರೆ ಅಡುಗೆ ಆಗುವುದು ಯಾವಾಗ?

ದಿನಕ್ಕೆ ಎರಡು ಸಲ, ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ನಾಲ್ಕಕ್ಕೆ, ನಾನು ಓದಿ ಹೇಳುತ್ತಿದ್ದೆ. ಏಳು ಮನೆಯವರೂ ಕೇಳುತ್ತಿದ್ದರು. ಮಳೆಗಾಲವಿರಲಿ, ಬೇಸಿಗೆಯಿರಲಿ, ಅದೊಂದು ರೂಢಿ. “ನನ್ನ ಕೈಗಿಂತ ಆ ಡಬ್ಬೀನೇ ಜಾಸ್ತಿ ಸವರ್ತೀಯಲ್ಲ ಬು,” ಎಂದು ನನ್ನ ಗಂಡ ಚುಡಾಯಿಸುತ್ತಿದ್ದರು. “ಅದು ಕೇಳಿದ್ದಕ್ಕೆ ಉತ್ತರ ಕೊಡತ್ತೆ, ಪಾಕ್. ನೀವು ಕೊಡ್ತೀರಾ?” ಎನ್ನುತ್ತಿದ್ದೆ ನಾನು. ಗಲ್ಲಿಯಲ್ಲಿ ಎಲ್ಲ ಹೆಂಗಸರೂ ‘ಬು’, ಅಮ್ಮ; ಎಲ್ಲ ಗಂಡಸರೂ ‘ಪಾಕ್’, ಅಪ್ಪ; ನಾವಿಬ್ಬರೂ ಅದಕ್ಕೆ ಹೊರತಲ್ಲ. ಅಷ್ಟು ನಂಬಿಕೆ ಇತ್ತು ಅದರ ಮೇಲೆ. ಅದರ ಮೇಲೆ ಎಂದರೆ ನಿಮ್ಮ ಮೇಲೆ.

ಆ ಶುಕ್ರವಾರ ನಮ್ಮ ಊರಲ್ಲಿ ಒಂದು ಹನಿ ಮಳೆ ಇರಲಿಲ್ಲ. ಬಿಸಿಲು ಚುರುಚುರು ಎನ್ನುತ್ತಿತ್ತು. ಮಳೆ ಬಿದ್ದದ್ದು ಮೇಲೆ, ಬೆಟ್ಟದಲ್ಲಿ. ಹತ್ತು ಗಂಟೆಗೆ ಪಾಕ್ ವಗಿಯೊ ನನ್ನ ಬಾಗಿಲಿಗೆ ಬಂದರು. ಗಲ್ಲಿಯ ಕೊನೆಯ ಮನೆ, ಎಲ್ಲಕ್ಕಿಂತ ತಗ್ಗಿನದು, ಅವರದು. ಒಂಟಿ ಜೀವ. ಐವತ್ತು ವರ್ಷ ಜನರ ಬೆನ್ನು ತಿಕ್ಕಿದ ಕೈ. ನಡೆಯುವಾಗ ಮೆಲ್ಲಗೆ ಹಾಡಿಕೊಳ್ಳುತ್ತಾರೆ. ಆ ದಿನ ಹಾಡಿರಲಿಲ್ಲ.

“ಬು ಮುರ್ತಿನಿ, ಇವತ್ತು ನದಿ ಸದ್ದು ಸರಿಯಿಲ್ಲ. ಗಂಟಲಲ್ಲಿ ಏನೋ ಸಿಕ್ಕಾಕ್ಕೊಂಡ ಹಾಗೆ ಆಡ್ತಿದೆ. ನಾನು ಈಗ್ಲೇ ಮಸೀದಿಗೆ ಹೋಗಿ ಕೂತ್ಕೊಂಡ್‌ಬಿಡ್ಲಾ ಅಂತ.”

ನಮ್ಮ ಮಸೀದಿ ಎತ್ತರದಲ್ಲಿದೆ, ಹದಿನೈದು ಮೆಟ್ಟಿಲು. ಶುಕ್ರವಾರದ ನಮಾಜಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ನಾನು ಅವರೆದುರೇ ಯಂತ್ರ ಎಬ್ಬಿಸಿದೆ. ವೈಫೈ, ಪಟ್ಟಿ, ನದಿ, ಎಂಟು ಸಾಲು.

“ಎರಡು ಪಾಯಿಂಟ್ ಒಂದು, ಪಾಕ್. ಸುರಕ್ಷಿತ ಅಂತ ಇದೆ.”

“ನೋಡಿ ಹೇಳಿ ಬು. ನಿನ್ನೇನೂ ಅಷ್ಟೇ ಅಂದಿದ್ರಿ.”

“ನಿನ್ನೆನೂ ಸುರಕ್ಷಿತ, ಇವತ್ತೂ ಸುರಕ್ಷಿತ. ಅದಕ್ಯಾಕೆ ಬೇಜಾರು? ನಿಮ್ಮ ಕಿವಿಗೂ ನನ್ನದರ ಹಾಗೆ ವಯಸ್ಸಾಯ್ತು, ಅಷ್ಟೇ.”

ಅವರು ನಕ್ಕರು. “ಅದೂ ಸರಿ. ಯಂತ್ರ ಹೇಳಿದ್ಮೇಲೆ ಈ ಮುದಿ ಕಿವಿ ಮಾತು ಯಾರು ಕೇಳ್ತಾರೆ. ಹಾಗಾದ್ರೆ ಆರಾಮಾಗಿ ಸ್ನಾನ ಮುಗಿಸ್ಕೊಂಡು, ಹೊಸ ಸಾರೋಂಗ್ ಉಟ್ಕೊಂಡು ಹೋಗ್ತೀನಿ ಬಿಡಿ.”

ಮಾನ್ಯರೇ, ಅವರ ಕಿವಿ ಸರಿಯಾಗಿತ್ತು. ನದಿ ತಾನೇ ಬಂದು ಅವರಿಗೆ ಹೇಳಿತ್ತು. ನಿಮ್ಮ ಸಂಖ್ಯೆ ಹಿಡಿದುಕೊಂಡು ನಾನು ಅದರ ಬಾಯಿ ಮುಚ್ಚಿಸಿದೆ.

ಹನ್ನೊಂದೂವರೆಗೆ ಗಂಡಸರೆಲ್ಲ ಮಸೀದಿ ಸೇರಿದ್ದರು, ಹೋಗುವಾಗ ನನ್ನ ಬಾಗಿಲು ತಟ್ಟುವ ಪಾಕ್ ವಗಿಯೊ ಒಬ್ಬರು ಮಾತ್ರ ಇನ್ನೂ ತಟ್ಟಿರಲಿಲ್ಲ. ನನ್ನ ಗಂಡನೂ ಹೋಗಿದ್ದರು. ನಾನು ಮೊದಲು ಗುರುತಿಸಿದ್ದು ಕಾಲ್ಬೆರಳುಗಳಿಂದ. ಹಿತ್ತಲ ಬಾಗಿಲಿನ ಕಡೆ ನೆಲ ತಣ್ಣಗಾಯಿತು. ಯಾರೋ ಬಕೆಟ್ ಚೆಲ್ಲಿದರು ಅಂದುಕೊಂಡೆ. ಬಗ್ಗಿ ಕೈ ಇಟ್ಟರೆ ಮಣಿಕಟ್ಟು ಮುಳುಗಿತು. ಯಂತ್ರ ಎತ್ತಿ ಕುತ್ತಿಗೆಗೆ ಹಾಕಿಕೊಂಡೆ. ಪಕ್ಕದ ಓಣಿಯಲ್ಲಿ ತೋಫು ಮಾಡುವ ಬು ಗಿಯಾರ್ತಿ ಬಾಗಿಲು ಗುದ್ದಿ ಒಳಗೆ ಬಂದರು. ಅವರಿಗೆ ಕಣ್ಣಿದೆ. ನನ್ನ ತೋಳು ಹಿಡಿದು, ನನ್ನ ಬಲಗಿವಿಗೆ ಬಾಯಿಟ್ಟು ಕಿರುಚಿದರು: “ಏನು ಮಾಡ್ತಿದೀರ ಒಳಗೆ! ನಡೀರಿ, ನಡೀರಿ!”

“ಪಾಕ್ ವಗಿಯೊ!” ಅಂದೆ. “ಅವ್ರು ಮನೇಲೇ ಇದಾರೆ. ನಾನೇ ಇರಿ ಅಂದೆ.”

“ಮೊದ್ಲು ನೀವು ಹತ್ತಿ, ಬು. ಅಲ್ಲಿ ನೀರು ಆಗ್ಲೇ ಕಿಟಕಿಗೆ ಬಂದಿದೆ.”

ಪಾಕ್ ವಗಿಯೊ ಎರಡು ಗಂಟೆ ಹತ್ತು ನಿಮಿಷ ಕಾಲ ಅಂಗಮರ್ದನದ ಹಲಗೆಯ ಮೇಲೆ ನಿಂತು, ಸೂರಿನ ತೊಲೆ ಹಿಡಿದುಕೊಂಡಿದ್ದರು. ನೀರು ಎದೆಗೆ, ಆಮೇಲೆ ಭುಜಕ್ಕೆ, ಆಮೇಲೆ ಗದ್ದಕ್ಕೆ. ನಾನು ಮಸೀದಿಯ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ಸೆರಗು, ತೋಳು ಹಿಡಿದು ಕೇಳುತ್ತಿದ್ದೆ, ಬಂದರಾ, ಬಂದರಾ ಎಂದು. ಉತ್ತರ ಹೇಳಿದವರು ಎಷ್ಟೋ ಜನ ಇದ್ದಿರಬೇಕು, ನನಗೆ ಕೇಳಿಸಲಿಲ್ಲ. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಸುರಕ್ಷಿತ. ತೋಫು ಪೀಪಾಯಿಗಳನ್ನು ಕಟ್ಟಿ ತೇಲಿಸಿಕೊಂಡು ಹೋಗಿ ಬು ಗಿಯಾರ್ತಿಯ ಮನೆಯವರು ಹೆಂಚು ತೆಗೆದು ಅವರನ್ನು ಎಳೆದರು. ಬದುಕಿದ್ದರು. ಕೈಬೆರಳುಗಳು ತೊಲೆ ಹಿಡಿದ ಹಾಗೇ ಮಡಚಿಕೊಂಡಿದ್ದವು. ಬಿಡಿಸಲು ನನ್ನ ಗಂಡನಿಗೆ ಒಂದು ತಾಸು ಹಿಡಿಯಿತು.

ಮರುದಿನ ಶಾಲೆಯ ಜಗಲಿಯಲ್ಲಿ, ಪರಿಹಾರದ ಅನ್ನದ ಪೊಟ್ಟಣ ಕೈಯಲ್ಲಿಟ್ಟುಕೊಂಡು, ನಿಮ್ಮ ಪುಟವನ್ನು ಫೋನಿನಲ್ಲಿ ತೆಗೆಯಲು ಬು ಗಿಯಾರ್ತಿಗೆ ಹೇಳಿದೆ.

“ಅಯ್ಯೋ ಬು! ಮೇಲೆ ಇಷ್ಟುದ್ದ ಕೆಂಪಕ್ಷರದಲ್ಲಿ ಬರ್ದಿದಾರಲ್ಲ! ‘ಈ ಪುಟದಲ್ಲಿ ಇನ್ನು ಮುಂದೆ ಹೊಸ ಮಾಹಿತಿ ಇರುವುದಿಲ್ಲ, ನಕ್ಷೆ ನೋಡಿ’ ಅಂತ. ನಿಮಗೆ ಕಾಣ್ಸ್ಲಿಲ್ವಾ?” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನಕ್ಕು ಹಗುರ ಮಾಡಲು ಇಬ್ಬರಿಗೂ ಆಗಲಿಲ್ಲ.

ನನ್ನ ಯಂತ್ರ ನೆನೆಯದೆ ಉಳಿದಿತ್ತು, ಹೊರಡುವಾಗ ಕುತ್ತಿಗೆಗೆ ತೂಗು ಹಾಕಿಕೊಂಡಿದ್ದೆ. ಪುಟದ ತಲೆಗೆ ಹೋಗಿ ಮುಟ್ಟಿ ನೋಡಿದೆ. ಆ ಕೆಂಪಕ್ಷರದ ಜಾಗದಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದು ‘ಚಿತ್ರ, ಬ್ಯಾನರ್ 2’ ಅಷ್ಟೇ. ಎಚ್ಚರಿಕೆಯನ್ನು ನೀವು ಅಕ್ಷರವಾಗಿ ಬರೆದಿರಲಿಲ್ಲ, ಚಿತ್ರ ಮಾಡಿ ಅಂಟಿಸಿದ್ದಿರಿ. ಬಣ್ಣ ಚೆನ್ನಾಗಿ ಬರಲೆಂದು ಇರಬಹುದು. ಆ ಚಿತ್ರವನ್ನು ನಾನು ಅಕ್ಟೋಬರಿನಲ್ಲಿ ಒಂದು ಸಲ ಮುಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಭಾವಚಿತ್ರ ಇರಬೇಕೆಂದು ದಾಟಿದೆ. ಸರ್ಕಾರಿ ಪುಟದ ತಲೆಯ ಮೇಲೆ ಇರುವುದು ಯಾವಾಗಲೂ ಯಾರದೋ ಮುಗುಳ್ನಗೆ ತಾನೇ?

ನನ್ನ ತಪ್ಪನ್ನು ನಾನು ಒಪ್ಪುತ್ತೇನೆ. ಹತ್ತೊಂಬತ್ತು ದಿನ ಒಂದೇ ಸಂಖ್ಯೆ ಬಂದಾಗ ಕರಡು ತಿದ್ದುವವಳಿಗೆ ಅನುಮಾನ ಬರಬೇಕಿತ್ತು. ನಮ್ಮ ಬೇಸಿಗೆಯ ಕೊನೆಯಾದ ಅಕ್ಟೋಬರಿನಲ್ಲಿ ನದಿ ವಾರಗಟ್ಟಲೆ ಕದಲುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿಂತ ಸಂಖ್ಯೆ ನೋಡಿ ಹೆದರಬೇಕಾದವಳು ನೆಮ್ಮದಿಯಿಂದ ಚಹಾ ಕುಡಿದೆ. ನಾನು ಒಪ್ಪಿದಷ್ಟೇ ಸಲೀಸಾಗಿ ನೀವೂ ಒಪ್ಪುತ್ತೀರಿ ಎಂದುಕೊಂಡು ನಿಮ್ಮ ಕಚೇರಿಗೆ ಹೋದದ್ದು ನನ್ನ ಎರಡನೇ ತಪ್ಪು.

ಮೊದಲು ಆನ್‌ಲೈನಿನಲ್ಲೇ ದೂರು ಕೊಡಲು ನೋಡಿದೆ. ನಿಮ್ಮ ದೂರಿನ ನಮೂನೆ ಕೊನೆಯಲ್ಲಿ ನಾನು ಮನುಷ್ಯಳೇ ಎಂದು ಕೇಳಿತು. ಮನುಷ್ಯಳೆಂದು ಸಾಬೀತು ಮಾಡಲು ಸೇತುವೆ ಇರುವ ಚಿತ್ರಗಳನ್ನು ಆರಿಸಬೇಕಂತೆ. ನನ್ನ ಬೆರಳ ಕೆಳಗೆ ‘ಚಿತ್ರ ಚಿತ್ರ ಚಿತ್ರ’ ಎಂದು ಮೂರು ಎದ್ದು ನಿಂತವು. ಅಂದಾಜಿನ ಮೇಲೆ ಒತ್ತಿದೆ, ನಾನು ಮನುಷ್ಯಳಲ್ಲ ಎಂದು ತೀರ್ಮಾನವಾಯಿತು. ಹಾಗಾಗಿ ಗಂಡನ ಹೆಗಲು ಹಿಡಿದು ಎರಡು ಬಸ್ ಬದಲಿಸಿ ನಿಮ್ಮ ಕಿಟಕಿಗೆ ಬಂದೆ. ಅಲ್ಲಿದ್ದ ನಿಮ್ಮ ನೌಕರರು ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

“ಬು, ಮನೇಲಿ ಕಣ್ಣಿರೋರು ಯಾರೂ ಇಲ್ವಾ? ಅವ್ರ ಹತ್ರ ಒಂದ್ಸಲ ನೋಡಿಸ್ಬಿಟ್ರೆ ಆಗ್ತಿತ್ತಲ್ಲ.”

ನನ್ನ ಗಂಡ ನನ್ನ ಅಂಗೈ ಒತ್ತಿ, ದನಿ ಎತ್ತಬೇಡ ಎಂದು ಸೂಚನೆ ಕೊಟ್ಟರು. ಆದರೂ ಕೇಳಿದೆ: “ಕಣ್ಣಿರೋರು ಮನೇಲಿದ್ರೆ ಆ ಪುಟ ಓದೋ ಕರ್ಮ ನನಗ್ಯಾಕೆ ಸ್ವಾಮಿ? ಕಿಟಕಿ ತೆಗ್ದು ನದೀನೇ ನೋಡ್ತಿದ್ರು.”

ಹದಿನೈದು ದಿನಕ್ಕೆ ನಿಮ್ಮ ಉತ್ತರ ಬಂತು, ಬು ಗಿಯಾರ್ತಿ ನನ್ನ ಕಿವಿಗೆ ಓದಿದರು. ಆ ಹಳೆಯ ಪುಟವನ್ನು ದಿನಕ್ಕೆ ಸರಾಸರಿ ಒಂಬತ್ತು ಸಲ ಮಾತ್ರ ತೆರೆಯಲಾಗುತ್ತಿತ್ತು, ಆದ್ದರಿಂದ ಸಾರ್ವಜನಿಕ ಹಿತದೃಷ್ಟಿಯಿಂದ ಅದರ ನಿರ್ವಹಣೆ ನಿಲ್ಲಿಸಿ ನಕ್ಷೆಯ ಆ್ಯಪ್ ಜಾರಿಗೆ ತರಲಾಗಿದೆ. ಹೊಸ ಆ್ಯಪಿನಲ್ಲಿ ನದಿ ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ಹರಿಯುತ್ತದೆ. ಆದ್ದರಿಂದಲೇ ಕಾವಲುಕಟ್ಟೆಯಲ್ಲಿ ಟೊಳ್ಳು ಮರದ ಗಂಟೆ ಕೆಂತೊಂಗನ್ ಬಡಿದು ಜನರನ್ನು ಗಾಬರಿಪಡಿಸುವ ಪದ್ಧತಿಯನ್ನೂ ನಿಲ್ಲಿಸಲು ಸೂಚಿಸಲಾಗಿದೆ. ಎಂಥ ಸುವ್ಯವಸ್ಥೆ! ಆ ಒಂಬತ್ತು ಸಲದಲ್ಲಿ ಎರಡು ನನ್ನವು ಮಾನ್ಯರೇ, ಪಾಕ್ ವಗಿಯೊಗೆ ಸಂದೇಹ ಬಂದ ದಿನಗಳಲ್ಲಿ ಮೂರು. ಅವುಗಳ ಹಿಂದೆ ಹದಿನಾರು ಜನ ಉಸಿರು ಹಿಡಿದು ಕಾಯುತ್ತಿದ್ದರು. ಉಳಿದ ಆರೇಳು ಯಾರವೋ ನನಗೆ ಗೊತ್ತಿಲ್ಲ. ಇನ್ನಾವ ಗಲ್ಲಿಯಲ್ಲಿ, ಇನ್ನಾರ ಬೆರಳೋ. ಅವರನ್ನು ನೆನೆದರೂ ನನಗೆ ನಿದ್ದೆ ಬರುವುದಿಲ್ಲ. ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿರುವುದು ಮುಖ್ಯವಾಗಿ ಅವರಿಗಾಗಿ.

ಪುಟವನ್ನು ನಿಲ್ಲಿಸಿದಿರಿ ಸರಿ, ತೆಗೆಯಲಿಲ್ಲ ಏಕೆ? ಸತ್ತವರ ಕೈಗಡಿಯಾರ ಬಿಚ್ಚುತ್ತಾರಲ್ಲವೇ? ಪುಟ ತೆರೆಯದೇ ಹೋಗಿದ್ದರೆ ಆ ದಿನ ನನಗೆ ಗಾಬರಿಯಾಗುತ್ತಿತ್ತು. ಗಾಬರಿಯಾದರೆ ನಾನು ಸುಮ್ಮನಿರುವ ಹೆಂಗಸಲ್ಲ, ಏಳು ಬಾಗಿಲೂ ಬಡಿಯುತ್ತಿದ್ದೆ. ಖಾಲಿ ಪುಟ ನಮ್ಮನ್ನು ಹೆದರಿಸುತ್ತದೆ, ಹೆದರಿಕೆ ನಮ್ಮನ್ನು ಮೆಟ್ಟಿಲು ಹತ್ತಿಸುತ್ತದೆ. ನಿಮ್ಮ ‘ಸುರಕ್ಷಿತ’ ಎಂಬ ಪದ ಮುದುಕರನ್ನು ಸ್ನಾನಕ್ಕೆ ಕಳಿಸುತ್ತದೆ.

ಈಗಿನ ಸ್ಥಿತಿ ಹೇಳುತ್ತೇನೆ. ನಾವೆಲ್ಲ ಅದೇ ಗಲ್ಲಿಗೆ ವಾಪಸಾಗಿದ್ದೇವೆ, ಬೇರೆ ಕಡೆ ನಮಗೆ ಮನೆ ಕೊಡುವವರಿಲ್ಲ. ಸಾವಿನ ಸುದ್ದಿ ಓದಿದರೂ ಇದು ಇಂದಿನದೋ ಅಲ್ಲವೋ ಎಂದು ನಾಲ್ಕು ಸಲ ಮೇಲೆ ಕೆಳಗೆ ಹುಡುಕುತ್ತೇನೆ. ವಯಾಂಗ್ ವೇಳಾಪಟ್ಟಿ ಬಿಟ್ಟೇಬಿಟ್ಟೆ. ಅಚ್ಚಿನ ಕೆಲಸದಲ್ಲಿ ಒಂದು ಸಾಲನ್ನು ಮೂರು ಮೂರು ಸಲ ಓದುತ್ತೇನೆ, ಕೆಲಸ ಸಾಗುತ್ತಿಲ್ಲ. ಗಂಟೆಗೊಂದು ಸಲ ಹಿತ್ತಲಿಗೆ ಹೋಗಿ ಬರಿಗಾಲಿನಲ್ಲಿ ನೆಲ ತಡವುತ್ತೇನೆ. ನನ್ನ ಗಂಡ ಕಾಲೊರೆಸಲು ಬಟ್ಟೆ ಕೊಡುತ್ತಾರೆ. ಅವರೂ ತಡವಿ ಬಂದಿರುತ್ತಾರೆ.

ನಿಜವಾದ ಭಯ ಅದಲ್ಲ. ಪಾಕ್ ವಗಿಯೊ ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನನಗೆ ಬದುಕುವುದು ಸುಲಭವಿತ್ತು. ಬೈಯಲೆಂದು ಕಾದೆ. ಮೊನ್ನೆ ಕಾಲು ಹಿಡಿಯಲು ಹೋದೆ, ಬಿಡಲಿಲ್ಲ.

“ಎದ್ದೇಳಿ ಬು, ಇದೆಲ್ಲ ಬೇಡ. ತಪ್ಪು ಓದ್ಲಿಲ್ಲ ನೀವು. ಅಲ್ಲಿ ಇದ್ದಿದ್ದನ್ನೇ ಓದಿದ್ರಿ.”

“ಇನ್ಮೇಲೆ ನನ್ನ ಕೇಳ್ಬೇಡಿ ಪಾಕ್. ನಿಮ್ಮ ಕಿವೀನೇ ನಂಬ್ಕೊಳ್ಳಿ. ಸದ್ದು ಬದಲಾಯ್ತು ಅಂದ್ರೆ ಹೊರಟ್‌ಬಿಡಿ.”

“ಕಿವಿ ಎಲ್ಲಿದೆ ಈಗ? ಅವತ್ತು ನೀರು ಹೊಕ್ಕಿದ್ದು ಇನ್ನೂ ಸರಿಯಾಗಿಲ್ಲ. ಗುಂಯ್ ಅಂತ ಒಂದೇ ರಾಗ.” ನನ್ನ ಕೈ ಹುಡುಕಿ ಹಿಡಿದುಕೊಂಡರು. “ನೀವು ಹೋಗಿ ಅಂದ್ರೆ ಹೋಗ್ತೀನಿ. ಇರಿ ಅಂದ್ರೆ ಇರ್ತೀನಿ. ಬೇರೆಯವ್ರು ಮೈಕ್ ಹಾಕ್ಕೊಂಡು ಅರಚಿದ್ರೂ ನನಗೆ ಕೇಳ್ಸಲ್ಲ. ನಾಲ್ಕು ಗಂಟೆಗೆ ಬರ್ತೀನಿ, ಎಂದಿನ ಹಾಗೆ.”

ಎಂದಿನ ಹಾಗೆ ಬರುತ್ತಾರೆ. ನಿನ್ನೆಯೂ ಬಂದಿದ್ದರು. ಬು ಗಿಯಾರ್ತಿ ತಮ್ಮ ಫೋನಿನ ನಕ್ಷೆ ನೋಡಿ ನನ್ನ ಅಂಗೈ ಮೇಲೆ ಸಂಖ್ಯೆ ಬರೆದರು, ನಾನು ಹೇಳಿದೆ. ಆದರೆ ಅವರಿಗೂ ಸಂತೆ, ಬಂಧು ಬಳಗ ಎಲ್ಲ ಇದೆ. ಹೆರಿಗೆಯಾದ ಮಗಳನ್ನು ನೋಡಿಕೊಳ್ಳಲು ಇವತ್ತು ಬೆಳಿಗ್ಗೆ ಮನೆಗೆ ಬೀಗ ಹಾಕಿ ಮನೆಮಂದಿಯೊಂದಿಗೆ ಊರು ಬಿಟ್ಟಿದ್ದಾರೆ. ಹಿಂದಿರುಗುವುದು ಜನವರಿ ಕೊನೆಗೆ.

ನಾನು ಕೇಳುವುದು ನಕ್ಷೆ ಅಲ್ಲ, ಬಣ್ಣ ಅಲ್ಲ, ಸನ್ಮಾನ ಪತ್ರವೂ ಅಲ್ಲ. ಆ ಪುಟದ ಒಂಬತ್ತನೇ ಸಾಲಿನಲ್ಲಿ ಇಂದಿನ ಸಂಖ್ಯೆ ಹಾಕಿ, ಅದರ ಪಕ್ಕದಲ್ಲೇ ದಿನಾಂಕ ಮತ್ತು ಗಂಟೆಯನ್ನು ಚಿತ್ರವಾಗಿ ಅಂಟಿಸದೆ ಬೆರಳಿಗೆ ಸಿಗುವಂತೆ ಬರೆಯಿರಿ. ಹದಿನೆಂಟು ಅಕ್ಷರದೊಳಗೆ ಹಿಡಿಸುತ್ತದೆ, ನಾನು ಎಣಿಸಿದ್ದೇನೆ. ಅಷ್ಟು ಮಾಡಲು ಆಗದಿದ್ದರೆ ಪುಟವನ್ನು ಇವತ್ತೇ ಕಿತ್ತುಹಾಕಿ. ಕೆಂತೊಂಗನ್ ಬಡಿಯಲು ಬಿಡಿ. ನನಗೆ ಕೇಳಿಸದಿದ್ದರೂ ಕೇಳಿಸಿಕೊಂಡ ಯಾರಾದರೂ ನನ್ನ ತೋಳು ಹಿಡಿದು ಎಳೆದಾರು.

ಈ ಪತ್ರದಲ್ಲಿ ನಿಮಗೆ ಬಹಳ ಪ್ರಶ್ನೆ ಕೇಳಿದ್ದೇನೆ. ಹೆಚ್ಚಿನವು ಸಿಟ್ಟಿಗೆ ಕೇಳಿದವು, ಉತ್ತರ ಬೇಕಿಲ್ಲ. ಒಂದಕ್ಕೆ ಮಾತ್ರ ಬೇಕು. ಈಗ ಮೂರೂವರೆ. ಬೆಟ್ಟದ ಕಡೆಯಿಂದ ಒದ್ದೆ ಮಣ್ಣಿನ ವಾಸನೆ ಬರುತ್ತಿದೆ. ಇನ್ನರ್ಧ ಗಂಟೆಗೆ ಆ ಮುದುಕರು ಬಂದು ನನ್ನ ಮುಂದೆ ಕೂತು, ಕಿವಿ ನನ್ನ ಬಾಯಿಯ ಹತ್ತಿರ ತಂದು ಕಾಯುತ್ತಾರೆ. ನಾನು ಅವರಿಗೆ ಏನು ಹೇಳಲಿ?

ಇಂತಿ,
ಉತ್ತರಕ್ಕಾಗಿ ಬೆರಳು ಚಾಚಿಕೊಂಡು ಕೂತಿರುವ,
ನಿಮ್ಮ ದಿನದ ಒಂಬತ್ತು ಓದುಗಳಲ್ಲಿ ಎರಡರ ಒಡತಿ,
ಮುರ್ತಿನಿ